41ರಲ್ಲಿ ನರ್ಸಿಂಗ್: ನನ್ನ ಎಲ್‌ವಿಎನ್ ಓದಿನ ಅನುಭವ

ಬಿ.ಕಾಂ. ಓದಿದವಳು ನಾನು. ಲೆಕ್ಕದಲ್ಲಿ ಯಾವತ್ತೂ ಹಿಂದೆ ಬಿದ್ದವಳಲ್ಲ. ಆದರೂ ಕ್ಯಾಲಿಫೋರ್ನಿಯಾದ ನರ್ಸಿಂಗ್ ಶಾಲೆಯ ಮೊದಲ ಔಷಧಿ ಲೆಕ್ಕದ ಪರೀಕ್ಷೆಯಲ್ಲಿ ಫೇಲಾದೆ. 20 ಪ್ರಶ್ನೆ, ಪಾಸಾಗಲು 18 ಬೇಕು. ನನಗೆ ಬಂದದ್ದು 17. ತಪ್ಪಾದ ಮೂರರಲ್ಲೂ ಲೆಕ್ಕ ಸರಿಯೇ ಇತ್ತು. ಬರೆದ ರೀತಿ ಸರಿ ಇರಲಿಲ್ಲ. 5 ಮಿಲಿಗ್ರಾಂ ಅಂತ ಬರೆಯುವ ಕಡೆ 5.0 ಅಂತ ಬರೆದಿದ್ದೆ. 0.5 ಬರೆಯುವ ಕಡೆ ಮುಂದಿನ ಸೊನ್ನೆ ನುಂಗಿ ಬರೀ .5 ಅಂದಿದ್ದೆ. ತಿಪಟೂರಿನ ಹೈಸ್ಕೂಲಿನಲ್ಲಿ ಇದಕ್ಕೆ ಯಾರೂ ಅರ್ಧ ಮಾರ್ಕ್ಸ್ ಕೂಡ ಕಳೆದಿರಲಿಲ್ಲ.

ಮೇಡಂ ಹತ್ತಿರ ಹೋಗಿ ವಾದಕ್ಕೆ ನಿಂತೆ. ಅವರು ಫಿಲಿಪೀನ್ಸ್ ಕಡೆಯವರು, ಬದುಕೆಲ್ಲ ನರ್ಸ್ ಆಗಿ ದುಡಿದವರು. ನನ್ನ ಉತ್ತರವನ್ನೇ ಒಂದು ಚೀಟಿಯಲ್ಲಿ ಬರೆದರು. ಚುಕ್ಕೆಯ ಮೇಲೆ ಪೆನ್ನಿನ ತುದಿ ಇಟ್ಟು ಮುಚ್ಚಿ, "ಈಗ ಓದು" ಅಂದರು. 50 ಮಿಲಿಗ್ರಾಂ. ಹತ್ತು ಪಟ್ಟು. "ನೀನು ಬರೆದದ್ದನ್ನು ರಾತ್ರಿ 2 ಗಂಟೆಗೆ, ನಿದ್ದೆಗಣ್ಣಲ್ಲಿ, ಮಂದ ಬೆಳಕಲ್ಲಿ ಇನ್ನೊಬ್ಬರು ಓದುತ್ತಾರೆ" ಅಂದರು. ನಾನು ವಾದ ಬಿಟ್ಟೆ. ಮುಂದಿನ ವಾರ ಮತ್ತೆ ಬರೆದು 20ಕ್ಕೆ 20 ತಗೊಂಡೆ. ಈಗ ಮನೆಯ ದಿನಸಿ ಚೀಟಿಯಲ್ಲೂ 0.5 ಕೆಜಿ ಅಂತ ಸೊನ್ನೆ ಹಾಕಿಯೇ ಬರೆಯುತ್ತೇನೆ. ಮಕ್ಕಳು ನಗುತ್ತಾರೆ.

ಎಲ್‌ವಿಎನ್ ಅಂದರೆ ಲೈಸೆನ್ಸ್ಡ್ ವೊಕೇಶನಲ್ ನರ್ಸ್. ಈ ಹೆಸರು ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ನಲ್ಲಿ ಮಾತ್ರ. ಅಮೆರಿಕದ ಉಳಿದ ಕಡೆ ಇದೇ ಕೆಲಸಕ್ಕೆ ಎಲ್‌ಪಿಎನ್, ಅಂದರೆ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್ ಅನ್ನುತ್ತಾರೆ. ನಮಗಿಂತ ಕೆಳಗೆ ಸಿಎನ್‌ಎ, ಅಂದರೆ ರೋಗಿಗೆ ಸ್ನಾನ ಮಾಡಿಸುವ, ಉಣಿಸುವ, ಬಟ್ಟೆ ಬದಲಿಸುವ ಸಹಾಯಕರು. ನಮ್ಮ ಮೇಲೆ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್. ನಾವು ಮಾತ್ರೆ ಕೊಡುತ್ತೇವೆ, ಇಂಜೆಕ್ಷನ್ ಹಾಕುತ್ತೇವೆ, ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತೇವೆ, ಮೂತ್ರ ಹೋಗಲು ಕ್ಯಾಥೆಟರ್ ನಳಿಗೆ ಹಾಕುತ್ತೇವೆ. ಎಲ್ಲವೂ ಆರ್‌ಎನ್ ಅಥವಾ ಡಾಕ್ಟರ ನಿರ್ದೇಶನದಲ್ಲಿ. "ಇದು ನಮ್ಮೂರಿನ ಎಎನ್‌ಎಂ ಥರನಾ, ಜಿಎನ್‌ಎಂ ಥರನಾ?" ಅಂತ ಕೇಳುವವರು ಜಾಸ್ತಿ. ಎರಡಕ್ಕೂ ನೇರವಾಗಿ ಹೊಂದುವುದಿಲ್ಲ. ಎಎನ್‌ಎಂ ಅಂದರೆ ಬಹುಪಾಲು ಊರೂರು ಸುತ್ತುವ, ತಾಯಿ-ಮಗು ನೋಡುವ ಕೆಲಸ. ಜಿಎನ್‌ಎಂ ಅಂದರೆ ಪೂರ್ಣ ನರ್ಸಿಂಗ್ ಡಿಪ್ಲೊಮಾ. ನಮ್ಮದು ಮಂಚದ ಪಕ್ಕದ ಕೆಲಸ.

ನಾನು 2010ರಲ್ಲಿ ಗಂಡನ ಹಿಂದೆ ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ಗೆ ಬಂದವಳು. ಎಚ್‌4 ವೀಸಾ, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಹೆಂಡತಿ ಅಥವಾ ಗಂಡನಿಗೆ, ಮಕ್ಕಳಿಗೆ ಸಿಗುವುದು. ಓದಬಹುದು, ದುಡಿಯುವಂತಿಲ್ಲ. 2015ರಲ್ಲಿ ಎಚ್‌4ನವರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಸಿಗುವಂತಾಯಿತು. ಆಗ ನನ್ನ ಕಂಕುಳಲ್ಲಿ ಎರಡನೇ ಕೂಸು. 2021ರಲ್ಲಿ ಗ್ರೀನ್ ಕಾರ್ಡ್ ಬಂದಾಗ ಬಿ.ಕಾಂ. ಸರ್ಟಿಫಿಕೇಟು ಹಳೆಯದಾಗಿತ್ತು, ನಾನೂ ಆಗಿದ್ದೆ. ನರ್ಸಿಂಗ್ ಅಂತ ಮನಸ್ಸಿಗೆ ಬಂತು. ಅತ್ತೆಗೆ ಫೋನಿನಲ್ಲಿ ಹೇಳಿದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ, "ಕಂಡೋರ ಹೇಲು ಬಾಚೋಕೆ ಅಮೆರಿಕಾಕ್ಕೆ ಹೋಗಬೇಕಿತ್ತೇನಮ್ಮ?" ಅಂದರು.

ಆ ಪ್ರಶ್ನೆ ನನಗೂ ಇತ್ತು, ಸುಳ್ಳೇಕೆ. ಮಡಿ ಮೈಲಿಗೆ ಅಂತ ಬೆಳೆದ ಮನೆ ನಮ್ಮದು. ಅದಕ್ಕೇ ಮೊದಲು ಸಿಎನ್‌ಎ ಮಾಡಿದೆ. ನನ್ನ ಹೊಟ್ಟೆ ತಡೆಯುತ್ತಾ ಇಲ್ವಾ ನೋಡಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕನಿಷ್ಠ 160 ಗಂಟೆ, 60 ಪಾಠ, 100 ಕೈಕೆಲಸ. ಮೊದಲ ದಿನ ಒಬ್ಬ ತಾತನ ಡೈಪರ್ ಬದಲಿಸುವಾಗ ಕಣ್ಣು ಕತ್ತಲೆ ಬಂತು. ಮಾಸ್ಕಿನೊಳಗೆ ವಿಕ್ಸ್ ಹಚ್ಚಿಕೊಂಡೆ. ನಾಲ್ಕನೇ ದಿನಕ್ಕೆ ವಿಕ್ಸ್ ಮರೆತು ಹೋಗಿದ್ದೆ, ಮರೆತದ್ದು ಸಂಜೆ ನೆನಪಾಯಿತು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಈ ದಾರಿಗೆ ಬರಬೇಕೆನ್ನುವವರಿಗೆ ನಾನು ಹೇಳುವುದು ಇದನ್ನೇ: ಮೊದಲು ಸಿಎನ್‌ಎ ಮಾಡಿ. ಕೆಲವು ಶಾಲೆಗಳು ಕೇಳುವುದಿಲ್ಲ, ಆದರೂ ಮಾಡಿ.

ಶಾಲೆ ಹುಡುಕುವುದರಲ್ಲಿ ಒಂದು ವರ್ಷ ಹೋಯಿತು. ಖಾಸಗಿ ಶಾಲೆಗಳಲ್ಲಿ ಸೀಟು ಬೇಗ ಸಿಗುತ್ತದೆ, ಶುಲ್ಕ 30 ಸಾವಿರ ಡಾಲರ್ ದಾಟುವುದೂ ಉಂಟು. ಸರ್ಕಾರಿ ಅಡಲ್ಟ್ ಸ್ಕೂಲ್, ಕಮ್ಯುನಿಟಿ ಕಾಲೇಜುಗಳಲ್ಲಿ ತುಂಬಾ ಕಡಿಮೆ, ಆದರೆ ಸರದಿ ಕಾಯಬೇಕು. ನಾನು ಕಾದೆ. ಒಂದು ಕೆಲಸ ಮಾತ್ರ ತಪ್ಪದೆ ಮಾಡಿದೆ. ಸ್ಯಾಕ್ರಮೆಂಟೋದಲ್ಲಿರುವ ವೊಕೇಶನಲ್ ನರ್ಸಿಂಗ್ ಬೋರ್ಡ್ ಮಾನ್ಯತೆ ಇರುವ ಶಾಲೆಗಳ ಪಟ್ಟಿ ಹಾಕುತ್ತದೆ. ಯಾವ ಶಾಲೆಯಿಂದ ಎಷ್ಟು ಜನ ಲೈಸೆನ್ಸ್ ಪರೀಕ್ಷೆ ಪಾಸಾದರು ಅನ್ನುವುದನ್ನೂ ಹಾಕುತ್ತದೆ. ಆ ಅಂಕಿ ನೋಡದೆ ದುಡ್ಡು ಕಟ್ಟಬೇಡಿ. ಜಾಹೀರಾತಿನಲ್ಲಿ ನಗುವ ಹುಡುಗಿಯರ ಫೋಟೋ ನೋಡಿ ನನ್ನ ಪರಿಚಯದವರೊಬ್ಬರು ಕಟ್ಟಿ ಕೂತಿದ್ದಾರೆ.

ಕಾಗದ ಪತ್ರದ ಕಾಟ ಬೇರೆ. ಪಿಯುಸಿ ಮಾರ್ಕ್ಸ್ ಕಾರ್ಡನ್ನು ಇಲ್ಲಿನ 12ನೇ ತರಗತಿಗೆ ಸಮ ಅಂತ ತೋರಿಸಲು ಮೌಲ್ಯಮಾಪನ ಮಾಡಿಸಬೇಕು. ನನ್ನದು ಅಪ್ಪನ ಬೀರುವಿನಲ್ಲಿ ಮದುವೆ ಸೀರೆಯ ಕೆಳಗೆ ಇತ್ತು. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳಿಗೆ ದಾಖಲೆ ಎಲ್ಲಿ? ದಡಾರ, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಎಲ್ಲಕ್ಕೂ ರಕ್ತ ಕೊಟ್ಟು ನಿರೋಧಕ ಶಕ್ತಿ ಇದೆ ಅಂತ ಸಾಬೀತು ಮಾಡಿದೆ. ಟಿಬಿ ಪರೀಕ್ಷೆ ಸರಿ. ಆಮೇಲೆ ಲೈಸೆನ್ಸಿಗೆ ಬೆರಳಚ್ಚು. ಪಾತ್ರೆ ತಿಕ್ಕಿ ತಿಕ್ಕಿ ಗೆರೆ ಸವೆದಿದ್ದವೋ ಏನೋ, ಮೊದಲ ಸಲ ಯಂತ್ರ ಒಪ್ಪಲಿಲ್ಲ. ಎರಡು ವಾರ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಹೋದೆ.

ಓದು ಒಟ್ಟು ಕನಿಷ್ಠ 1,530 ಗಂಟೆ. ಅದರಲ್ಲಿ 576 ಪಾಠ, 954 ರೋಗಿಗಳ ಜೊತೆ. ಪಾಠಕ್ಕಿಂತ ಮಂಚದ ಪಕ್ಕದ ಕೆಲಸ ಜಾಸ್ತಿ ಅನ್ನುವುದನ್ನು ಗಮನಿಸಿ. ಬೆಳಗ್ಗೆ 6:30ಕ್ಕೆ ಬಿಳಿ ಶೂ ಹಾಕಿ ನರ್ಸಿಂಗ್ ಹೋಮಿನಲ್ಲಿ ನಿಲ್ಲಬೇಕು. ಇಲ್ಲಿ ನರ್ಸಿಂಗ್ ಹೋಮ್ ಅಂದರೆ ಬೆಂಗಳೂರಿನ ಹಾಗೆ ಸಣ್ಣ ಆಸ್ಪತ್ರೆಯಲ್ಲ, ಹೆಚ್ಚಾಗಿ ವಯಸ್ಸಾದವರು ವರ್ಷಗಟ್ಟಲೆ ಇರುವ ಜಾಗ.

ಕೈಕೆಲಸ ಕಲಿಯುವುದಕ್ಕೆ ನಾನು ನನ್ನದೇ ಸೂತ್ರ ಮಾಡಿಕೊಂಡಿದ್ದೆ. ಎರಡು ಬಗೆಯ ಇನ್ಸುಲಿನ್ ಒಂದೇ ಸಿರಿಂಜಿಗೆ ಎಳೆಯುವಾಗ ತಿಳಿಯಾದದ್ದು ಮೊದಲು, ಮಬ್ಬಾಗಿರುವ ಎನ್‌ಪಿಎಚ್ ಆಮೇಲೆ. ಇಲ್ಲದಿದ್ದರೆ ಮಬ್ಬಿನದು ತಿಳಿಯ ಬಾಟಲಿಗೆ ಸೇರಿ ಅದು ಕೆಡುತ್ತದೆ. ಇಂಗ್ಲಿಷಿನಲ್ಲಿ ಎಲ್ಲರೂ ಏನೋ ಪ್ರಾಸ ಹೇಳುತ್ತಿದ್ದರು. ನಾನು ಮನಸ್ಸಿನಲ್ಲಿ, "ತಿಳಿಸಾರು ಮೊದಲು, ಹುಳಿ ಆಮೇಲೆ" ಅಂದುಕೊಂಡೆ. ನಮ್ಮ ಕಡೆ ಊಟ ಬಡಿಸುವುದೂ ಹಾಗೇ ಅಲ್ವಾ. ಇವತ್ತಿಗೂ ತಪ್ಪಿಲ್ಲ.

ಆದರೆ ಸೂತ್ರಕ್ಕೆ ಸಿಗದ ತಪ್ಪು ಒಂದು ಆಗುತ್ತಿತ್ತು. ಮೂರನೇ ತಿಂಗಳು. ಮಾತ್ರೆಯ ಪುಟ್ಟ ಬಟ್ಟಲು ಹಿಡಿದು ಕಿಟಕಿ ಪಕ್ಕದ ತಾತನ ಹತ್ತಿರ ಹೋಗಬೇಕಿತ್ತು. ಬಾಗಿಲ ಪಕ್ಕದವರ ಹತ್ತಿರ ಹೋದೆ. "ನೀವು ಇಂಥವರು ಅಲ್ವಾ?" ಅಂತ ಕೇಳಿದೆ. ಅವರು ನಗುತ್ತಾ ತಲೆಯಾಡಿಸಿದರು. ಬಟ್ಟಲು ಅವರ ತುಟಿಯ ಹತ್ತಿರ ಹೋಗುವಾಗ ಮೇಡಂ ನನ್ನ ಮಣಿಕಟ್ಟು ಹಿಡಿದರು. ಅದು ಬೇರೆಯವರ ಬಿಪಿ ಮಾತ್ರೆ. ಬಾಗಿಲ ಪಕ್ಕದ ಆ ತಾತನಿಗೆ ಮರೆವಿನ ಕಾಯಿಲೆ. ಯಾವ ಹೆಸರು ಹೇಳಿದ್ದರೂ ಹೌದು ಅನ್ನುತ್ತಿದ್ದರು.

ಹೊರಗೆ ಕರೆದುಕೊಂಡು ಹೋಗಿ ಮೇಡಂ ಬೈಯಲಿಲ್ಲ. "ಮೊದಲ ವಾರ ಅರ್ಥ ಆಯ್ತಾ ಅಂತ ಕೇಳಿದಾಗ ನೀನು ತಲೆ ಆಡಿಸಿದೆ. ಹೌದೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ನಿನ್ನ ತಲೆಯನ್ನೇ ನಾನು ನಂಬಲಿಲ್ಲ. ನೀನು ಅವರ ತಲೆ ನಂಬಿದೆ" ಅಂದರು. ನಿಜ. ನಮ್ಮ ಕತ್ತಿನ ಆಟ ಅಮೆರಿಕದವರಿಗೆ ದೊಡ್ಡ ಒಗಟು. ಅವತ್ತಿನಿಂದ ಹೆಸರು ನಾನು ಹೇಳುವುದಿಲ್ಲ, ಅವರಿಂದ ಹೇಳಿಸುತ್ತೇನೆ. ಹುಟ್ಟಿದ ದಿನವನ್ನೂ ಹೇಳಿಸುತ್ತೇನೆ. ಹೇಳಲಾರದವರಾದರೆ ಕೈಪಟ್ಟಿ, ಔಷಧಿ ದಾಖಲೆಯಲ್ಲಿರುವ ಫೋಟೋ. ಕನಿಷ್ಠ ಎರಡು ಗುರುತು ಸಿಗದೆ ಬಟ್ಟಲು ಮೇಲೇಳುವುದಿಲ್ಲ.

ಚರ್ಮದ ಪಾಠ ಬಂದಾಗ ನನಗೆ ಕೂರಲಾಗಲಿಲ್ಲ. ಹಾಸಿಗೆ ಹುಣ್ಣು. ನಮ್ಮ ಅಜ್ಜಿ ಕೊನೆಯ ನಾಲ್ಕು ತಿಂಗಳು ಮಲಗಿದಲ್ಲೇ ಇದ್ದರು. ಸೊಂಟದ ಕೆಳಗೆ ಕೆಂಪಾದಾಗ ನಾನೂ ಅಮ್ಮನೂ ಎಣ್ಣೆ ಬಿಸಿ ಮಾಡಿ ಅಲ್ಲೇ ಚೆನ್ನಾಗಿ ತಿಕ್ಕುತ್ತಿದ್ದೆವು, ಪೌಡರ್ ಹಾಕುತ್ತಿದ್ದೆವು. ಮೂಳೆಯ ಮೇಲೆ ಕೆಂಪಾದ ಜಾಗವನ್ನು ತಿಕ್ಕಲೇಬಾರದಂತೆ. ಒಳಗೆ ಆಗಲೇ ನೊಂದ ಮಾಂಸ ಇನ್ನಷ್ಟು ಹಾಳಾಗುತ್ತದೆ. ಬೇಕಿದ್ದದ್ದು ಆ ಜಾಗದ ಮೇಲಿನ ಭಾರ ತೆಗೆಯುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಅಷ್ಟೇ. ದುಡ್ಡು ಬೇಕಿರಲಿಲ್ಲ, ಡಾಕ್ಟರೂ ಬೇಕಿರಲಿಲ್ಲ. ಅಮ್ಮನಿಗೆ ಇದನ್ನು ನಾನಿನ್ನೂ ಹೇಳಿಲ್ಲ.

ಪುಸ್ತಕದ ಚಿತ್ರಗಳಲ್ಲಿ ಹೆಚ್ಚಾಗಿ ಬಿಳಿ ಚರ್ಮ. ಬೆರಳಲ್ಲಿ ಒತ್ತಿದರೆ ಕೆಂಪು ಬೆಳ್ಳಗಾಗಬೇಕು, ಆಗದಿದ್ದರೆ ಮೊದಲ ಹಂತ ಶುರುವಾಗಿದೆ ಅಂತ ಬರೆದಿತ್ತು. ನಮ್ಮ ಬಣ್ಣದವರಲ್ಲಿ ಆ ಕೆಂಪು ಎಲ್ಲಿ ಕಾಣುತ್ತದೆ? ನಾನು ಕೇಳಿದೆ. ಮೇಡಂ, "ಕಣ್ಣು ಬಿಡು, ಕೈ ಇಡು" ಅಂದರು. ಸುತ್ತಲ ಚರ್ಮಕ್ಕಿಂತ ಬಿಸಿಯಾ, ತಣ್ಣಗಾ? ಗಟ್ಟಿಯಾ, ಮೆತ್ತಗಾ? ಬಣ್ಣ ಸ್ವಲ್ಪ ನೇರಳೆ, ಸ್ವಲ್ಪ ಕಪ್ಪಾಗಿದೆಯಾ?

ಅದಾಗಿ ಕೆಲವು ವಾರಕ್ಕೆ ಒಬ್ಬ ಪಂಜಾಬಿ ಅಜ್ಜಿಯನ್ನು ತಿರುಗಿಸುವಾಗ ನನ್ನ ಕೈಗೆ ಸಿಕ್ಕಿತು. ಬೆನ್ನಿನ ಕೆಳ ಮೂಳೆಯ ಮೇಲೆ ಒಂದು ಜಾಗ ಬಿಸಿ, ಗಟ್ಟಿ. ಕಣ್ಣಿಗೆ ಏನೂ ಇಲ್ಲ. ಓಡಿ ಹೋಗಿ ಆರ್‌ಎನ್‌ಗೆ, "ಹಾಸಿಗೆ ಹುಣ್ಣು ಶುರುವಾಗಿದೆ" ಅಂದೆ. ಅವರು, "ನೀನು ನೋಡಿದ್ದೇನು?" ಅಂದರು. ಮತ್ತೆ ಹೇಳಿದೆ. ಅವರೂ ಮತ್ತೆ ಅದೇ ಕೇಳಿದರು. ಆಗ ಹೊಳೆಯಿತು. ಹುಣ್ಣು ಅನ್ನುವುದು ನನ್ನ ತೀರ್ಮಾನ. ನಾನು ಕಂಡದ್ದು ಇಷ್ಟು: 3 ಸೆಂಟಿಮೀಟರ್ ಜಾಗ, ಚರ್ಮ ಒಡೆದಿಲ್ಲ, ಮುಟ್ಟಿದರೆ ಬಿಸಿ, ಗಟ್ಟಿ, ಒತ್ತಿದಾಗ ಅಜ್ಜಿ ಮುಖ ಕಿವುಚಿದರು. ಅದನ್ನೇ ಬರೆದೆ, ಸಮಯ ಹಾಕಿದೆ. ಯಾರಿಗೆ ಹೇಳಿದೆ ಅನ್ನುವುದನ್ನೂ ಬರೆದೆ. ಅವರು ಬಂದು ನೋಡಿ ತೀರ್ಮಾನ ಮಾಡಿದರು.

ನನಗೆ ಈ ಓದಿನಲ್ಲಿ ಅತೀ ಕಷ್ಟವಾದದ್ದು ಇದೇ. ಹತ್ತು ವರ್ಷ ಮನೆ ನಡೆಸಿದವಳು. ಮಗುವಿನ ಹಣೆ ಮುಟ್ಟಿದರೆ ಜ್ವರ ಎಷ್ಟು, ಔಷಧಿ ಏನು ಎಲ್ಲ ಒಂದೇ ಉಸಿರಿಗೆ ತೀರ್ಮಾನ ಮಾಡಿ ಅಭ್ಯಾಸ. ಎಲ್‌ವಿಎನ್ ಕೆಲಸ ಆ ಉಸಿರನ್ನು ಎರಡು ತುಂಡು ಮಾಡುತ್ತದೆ. ನೋಡುವುದು, ಅಳೆಯುವುದು, ಬರೆಯುವುದು, ಹೇಳುವುದು ನನ್ನದು. ಮೊದಲ ಬಾರಿ ರೋಗಿಯನ್ನು ಪೂರ್ತಿ ಪರೀಕ್ಷಿಸಿ ಆರೈಕೆಯ ಯೋಜನೆ ಮಾಡುವುದು ಆರ್‌ಎನ್‌ದು. ಐವಿ, ಅಂದರೆ ನೇರ ರಕ್ತನಾಳದ ಮೂಲಕ, ಔಷಧಿ ಕೊಡುವಂತಿಲ್ಲ. ಸಲೈನ್ ಹಾಕುವುದಕ್ಕೂ ಬೇರೆ ಸರ್ಟಿಫಿಕೇಟು ಬೇಕು. ಮೊದಮೊದಲು ಇದು ಅವಮಾನ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. "ರೋಗಿ ಸಿಟ್ಟಾಗಿದ್ದಾರೆ" ಅಂತ ಬರೆದರೆ ಅದು ನನ್ನ ಕಥೆ. "ತಟ್ಟೆ ತಳ್ಳಿದರು, ಬೇಡ ಎಂದು ಎರಡು ಸಲ ಹೇಳಿದರು" ಅಂತ ಬರೆದರೆ ಓದುವವರು ಹಲ್ಲುನೋವನ್ನೂ ಯೋಚಿಸಬಹುದು.

ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್-ಪಿಎನ್‌ನ ತಯಾರಿಯಲ್ಲೂ ನನಗೆ ಕೈ ಕೊಟ್ಟದ್ದು ಇದೇ ಚಾಳಿ. ಶುಲ್ಕ 200 ಡಾಲರ್, ಸಮಯ 5 ಗಂಟೆ. ಕಂಪ್ಯೂಟರ್ ನಿಮ್ಮ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸುತ್ತದೆ. ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150. 2023ರ ಏಪ್ರಿಲ್‌ನಿಂದ ಪರೀಕ್ಷೆಯ ರೂಪ ಬದಲಾಗಿ, ಒಬ್ಬ ರೋಗಿಯ ದಾಖಲೆ ಕೊಟ್ಟು ಸಾಲಾಗಿ ಕೇಳುವ ಪ್ರಶ್ನೆಗಳೂ ಬಂದಿವೆ. ದಿನಕ್ಕೆ 60 ಪ್ರಶ್ನೆ ಅಭ್ಯಾಸ ಮಾಡುತ್ತಿದ್ದೆ, ಅಡುಗೆಮನೆಯ ಕಟ್ಟೆ ಮೇಲೆ, ಕುಕ್ಕರ್ ಕೂಗುವ ಮಧ್ಯೆ. ಅರ್ಧಕ್ಕರ್ಧ ತಪ್ಪು. ಪ್ರಶ್ನೆಯಲ್ಲಿ ಇಲ್ಲದ್ದನ್ನು ನಾನೇ ಸೇರಿಸಿಕೊಳ್ಳುತ್ತಿದ್ದೆ. ನಾಲ್ವರು ರೋಗಿಗಳು, ಮೊದಲು ಯಾರ ಹತ್ತಿರ ಹೋಗುತ್ತೀರಿ? ನೋವು 10ಕ್ಕೆ 8 ಅನ್ನುವವರ ಹತ್ತಿರ ಓಡುತ್ತಿತ್ತು ನನ್ನ ಮನಸ್ಸು. ಸರಿ ಉತ್ತರ, ಆಪರೇಷನ್ ಆಗಿ ಇದ್ದಕ್ಕಿದ್ದಂತೆ ಚಡಪಡಿಸಲು ಶುರು ಮಾಡಿದವರು. ಉಸಿರಿನ ಗಾಳಿ ಸಾಲದಾದಾಗ ಮೊದಲು ಕಾಣುವ ಗುರುತುಗಳಲ್ಲಿ ಚಡಪಡಿಕೆ ಒಂದು. ನೋವಿನವರು ಕಾಯಬಲ್ಲರು, ಇವರಿಗೆ ಆಗುವುದಿಲ್ಲ.

2024ರಲ್ಲಿ ಪರೀಕ್ಷೆ ಬರೆದೆ. ಒಳಗೆ ಹೋಗುವಾಗ ಅಂಗೈಯ ರಕ್ತನಾಳ ಕೂಡ ಸ್ಕ್ಯಾನ್ ಮಾಡುತ್ತಾರೆ. ಬೆರಳಚ್ಚು ನೆನಪಾಗಿ ಎದೆ ಢವಢವ. ಒಪ್ಪಿತು. ಪರದೆ ಥಟ್ಟನೆ ನಿಂತಾಗ 97ನೇ ಪ್ರಶ್ನೆ. ಹೊರಗೆ ಕಾರಿನಲ್ಲಿ ಗಂಡ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು. ಒಂದು ತುತ್ತೂ ಇಳಿಯಲಿಲ್ಲ. ಪಾಸ್ ಅಂತ ತಿಳಿದ ದಿನ ಅದೇ ಡಬ್ಬಿಯಲ್ಲಿ ಕೇಸರಿಬಾತ್ ಮಾಡಿ ಮೇಡಂಗೆ ಒಯ್ದೆ. ಸಕ್ಕರೆ ಎಷ್ಟು ಹಾಕಿದ್ದೀಯ ಅಂತ ಕೇಳಿ ಎರಡು ಚಮಚ ತಿಂದರು.

ಈಗ ಒಂದು ನರ್ಸಿಂಗ್ ಹೋಮಿನಲ್ಲಿ ಸಂಜೆ ಡ್ಯೂಟಿ. ಎರಡು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಣ, ಅದಕ್ಕೆ 30 ಗಂಟೆ ಮುಂದುವರಿದ ಓದು. ಕ್ಯಾಲಿಫೋರ್ನಿಯಾ ಬಿಟ್ಟು ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ಲೈಸೆನ್ಸ್ ಬೇರೆ ತಗೊಳ್ಳಬೇಕು. ಇದನ್ನು ಮನೆ ಬದಲಿಸುವ ಯೋಚನೆ ಇರುವವರು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಆರ್‌ಎನ್ ಓದುತ್ತೀಯಾ ಅಂತ ಕೇಳುತ್ತಾರೆ. ಸದ್ಯಕ್ಕೆ ಐವಿ ಸರ್ಟಿಫಿಕೇಟಿಗೆ ಹೆಸರು ಕೊಟ್ಟಿದ್ದೇನೆ.

ಅತ್ತೆ ಈಗಲೂ ನೆಂಟರ ಹತ್ತಿರ, "ಸೊಸೆ ಆಸ್ಪತ್ರೇಲಿ ಇದಾಳೆ" ಅನ್ನುತ್ತಾರೆ. ನರ್ಸ್ ಅನ್ನುವ ಮಾತು ಅವರ ಬಾಯಿಂದ ಬಂದಿಲ್ಲ. ಆದರೆ ಭಾನುವಾರ ಫೋನ್ ಮಾಡಿ, ಕನ್ನಡಕ ಹಾಕಿಕೊಂಡು, ನಾನು ಹೇಳಿದ ಹಾಗೆ ನೋಟ್‌ಬುಕ್ಕಿನಿಂದ ಓದುತ್ತಾರೆ: "ಬೆಳಗ್ಗೆ ಏಳು ಗಂಟೆ. ಎಡಗೈ. ಕೂತ್ಕೊಂಡು. 142, 86. ತಲೆ ಸುತ್ತು ಅಂತ ಬರೀಲಾ, ಬೇಡ್ವಾ?"

"ಸುತ್ತಿತಾ ಅತ್ತೆ?"

"ಇಲ್ಲ ಕಣೆ. ಸುತ್ತಬಹುದು ಅನ್ನಿಸ್ತು."