ಉಯಿಲು ಬರೆಯುವ ಮುನ್ನ, ಬರೆಯುವಾಗ

ಮೊಮ್ಮಕ್ಕಳು ಉಳುತ್ತಿರುವ ಜಮೀನಿನ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುವುದು ಕರ್ನಾಟಕದ ಹಳ್ಳಿಗಳಲ್ಲಿ ಅಪರೂಪವೇನಲ್ಲ. ಅಜ್ಜ ತೀರಿಕೊಂಡಾಗ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿರುವುದಿಲ್ಲ. ಅಪ್ಪ, ಚಿಕ್ಕಪ್ಪಂದಿರು ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡು ಬದು ಹಾಕಿಕೊಂಡಿರುತ್ತಾರೆ. ಸೋದರತ್ತೆಯರ ಸಹಿ ಯಾವ ಕಾಗದದಲ್ಲಿಯೂ ಇರುವುದಿಲ್ಲ. ಇಂಥ ಜಮೀನಿನ ಬಗ್ಗೆ ಎಷ್ಟು ಅಚ್ಚುಕಟ್ಟಾಗಿ ಉಯಿಲು ಬರೆದರೂ ಅದು ವ್ಯಾಜ್ಯಕ್ಕೆ ದಾರಿ ಮಾಡುತ್ತದೆ. ಆದ್ದರಿಂದ ಮೊದಲ ಕೆಲಸ ಕಾಗದಪತ್ರಗಳನ್ನು ಹೊರತೆಗೆಯುವುದು. ಪ್ರತಿಯೊಂದು ಸ್ವತ್ತಿಗೂ ಒಂದೊಂದು ಹಾಳೆ ಇಟ್ಟು, ಕ್ರಯಪತ್ರ ಅಥವಾ ವಿಭಾಗಪತ್ರದ ನೋಂದಣಿ ಸಂಖ್ಯೆ, ಸರ್ವೆ ನಂಬರು, ಖಾತೆ, ಚೆಕ್ಕುಬಂದಿ (ಸ್ವತ್ತಿನ ಎಲ್ಲೆಗಳು), ಅದರ ಮೇಲಿರುವ ಸಾಲ ಇವಿಷ್ಟನ್ನು ಬರೆದುಕೊಳ್ಳಬೇಕು. ಠೇವಣಿ, ಭವಿಷ್ಯನಿಧಿ, ಷೇರು, ಒಡವೆಗಳ ಪಟ್ಟಿ ಬೇರೆ ಇರಲಿ. ಕೊಟ್ಟ ಮತ್ತು ಪಡೆದ ಕೈಸಾಲಗಳನ್ನೂ ಮರೆಯಬಾರದು.

ಪಟ್ಟಿ ಸಿದ್ಧವಾದ ಮೇಲೆ ಯಾವುದು ಸ್ವಯಾರ್ಜಿತ, ಯಾವುದು ಪಿತ್ರಾರ್ಜಿತ ಎಂದು ವಿಂಗಡಿಸಬೇಕು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಒಬ್ಬ ವ್ಯಕ್ತಿ ಉಯಿಲಿನ ಮೂಲಕ ಕೊಡಬಹುದಾದದ್ದು ತನ್ನ ಪಾಲನ್ನು ಮಾತ್ರ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ನೀಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ ಅನ್ವಯಿಸುವಂತೆ 2005ರಲ್ಲಿ ಬಂತು. ಈ ಹಕ್ಕಿಗೆ 2005ರ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ‘ಮಗಳಿಗೆ ಮದುವೆ ಖರ್ಚು ಮಾಡಿದ್ದೇವೆ’ ಎಂಬ ವಾಕ್ಯವನ್ನು ಉಯಿಲಿನಲ್ಲಿ ಬರೆದ ಮಾತ್ರಕ್ಕೆ ಆ ಪಾಲು ಇಲ್ಲವಾಗುವುದಿಲ್ಲ.

ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹಂಚಿಕೆ ಮಾಡುತ್ತದೆ. ಗಂಡಸಿನ ಆಸ್ತಿ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮನಾಗಿ ಹೋಗುತ್ತದೆ. ಈ ತಾಯಿಯ ಪಾಲನ್ನು ಬಹುಪಾಲು ಮನೆಗಳಲ್ಲಿ ಯಾರೂ ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಹೆಂಗಸಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಮಕ್ಕಳಿಲ್ಲದ ವಿಧವೆಯೊಬ್ಬಳು ದುಡಿದು ಸಂಪಾದಿಸಿದ ಸೈಟು ಉಯಿಲಿಲ್ಲದಿದ್ದರೆ ಆಕೆಯ ತಂದೆತಾಯಿಗಿಂತ ಮೊದಲು ಗಂಡನ ವಾರಸುದಾರರ ಪಾಲಾಗುತ್ತದೆ. ಸಂಬಳ ತರುವ ಹೆಣ್ಣುಮಕ್ಕಳು ಗಂಡಸರಿಗಿಂತ ಮೊದಲೇ ಉಯಿಲು ಬರೆದಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನಿನ ಪ್ರಕಾರ, ವಾರಸುದಾರರ ಒಪ್ಪಿಗೆಯಿಲ್ಲದೆ, ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಲ್ಲಿ ಕೊಡಲು ಬರುವುದಿಲ್ಲ.

‘ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇನೆ, ಉಯಿಲು ಏಕೆ?’ ಎಂದು ಕೇಳುವವರಿದ್ದಾರೆ. ಠೇವಣಿಯ ನಾಮಿನಿ ಹಣವನ್ನು ಕೈಗೆ ಪಡೆಯುವವನೇ ಹೊರತು ಒಡೆಯನಲ್ಲ. ಅದನ್ನು ವಾರಸುದಾರರಿಗೆ ತಲುಪಿಸುವ ಹೊಣೆ ಅವನದು. ಷೇರುಗಳಿಗೂ ಇದೇ ನಿಯಮವೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ನಾಮಿನಿ ಒಬ್ಬರು, ಉಯಿಲಿನಲ್ಲಿ ಇನ್ನೊಬ್ಬರು ಎಂದಾಗದಂತೆ ಎರಡನ್ನೂ ಹೊಂದಿಸಿಡುವುದು ಕ್ಷೇಮ.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆಯ ಮೇಲೆ, ಬರೆಯುವವರಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಬರೆದರೆ ಸಾಕು. ಹೆಚ್ಚಿನ ಜಗಳ ಹುಟ್ಟುವುದು ಒಕ್ಕಣೆಯಿಂದ. ‘ಮನೆ ಮಗನಿಗೆ, ಮಿಕ್ಕಿದ್ದು ಮಗಳಿಗೆ’ ಎಂದು ಬರೆದರೆ ಮನೆಯ ಹಿಂದಿನ ಖಾಲಿ ಜಾಗ ಯಾರದು? ಖಾತೆ ಸಂಖ್ಯೆ, ಅಳತೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಸಹಿತ ‘ಷೆಡ್ಯೂಲು’ ಬರೆದು, ಫಲಾನುಭವಿಯ ಹೆಸರು, ಸಂಬಂಧಗಳನ್ನು ಸ್ಪಷ್ಟವಾಗಿ ನಮೂದಿಸಬೇಕು. ‘ಇಲ್ಲಿ ಕಾಣಿಸದ ಮತ್ತು ಮುಂದೆ ನಾನು ಸಂಪಾದಿಸುವ ಸ್ವತ್ತು ಇಂಥವರಿಗೆ’ ಎಂಬ ವಾಕ್ಯವೂ ಇರಬೇಕು. ಹೆಂಡತಿಗೆ ಜೀವಿತಾವಧಿಯ ಅನುಭವ ಮಾತ್ರವೋ ಮಾರುವ ಹಕ್ಕೂ ಉಂಟೋ ಎಂಬುದನ್ನು ಬಿಡಿಸಿ ಹೇಳದಿದ್ದರೆ ಆಕೆಯ ಕಾಲಾನಂತರ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ.

ಸಾಕ್ಷಿದಾರರು ಕನಿಷ್ಠ ಇಬ್ಬರಿರಬೇಕು, ಬರೆದವರ ಎದುರಿನಲ್ಲೇ ಅವರು ಸಹಿ ಹಾಕಬೇಕು. ಮುಂದೆ ತಕರಾರು ಬಂದರೆ ಬದುಕಿರುವ ಸಾಕ್ಷಿದಾರರಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ನಿಂತು ಹೇಳಬೇಕಾಗುವುದರಿಂದ, ಎಂಬತ್ತರ ಸ್ನೇಹಿತರಿಗಿಂತ ನಂಬಿಕಸ್ಥ ಕಿರಿಯರನ್ನು ಆರಿಸುವುದು ಮೇಲು. ಆಸ್ತಿ ಪಡೆಯುವವರನ್ನು ಮಾತ್ರ ಸಾಕ್ಷಿಯಾಗಿಸಬಾರದು. ವಯಸ್ಸಾದವರು ಸ್ವಸ್ಥ ಬುದ್ಧಿಯ ಬಗ್ಗೆ ಅದೇ ದಿನ ವೈದ್ಯರ ಪ್ರಮಾಣಪತ್ರವನ್ನೂ ಪಡೆಯಬೇಕು. ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸುವುದು ಒಳ್ಳೆಯದು. ನಡೆದಾಡಲಾಗದವರು ಕೋರಿದರೆ ಉಪನೋಂದಣಾಧಿಕಾರಿ ಮನೆಗೇ ಬರಲು ಅವಕಾಶವಿದೆ. ನೋಂದಾಯಿಸಿದ ಉಯಿಲನ್ನೂ ಬದಲಿಸಬಹುದು, ಕಡೆಯದಾಗಿ ಬರೆದದ್ದೇ ಊರ್ಜಿತವಾಗುತ್ತದೆ.

ಬದುಕಿರುವಾಗಲೇ ದಾನಪತ್ರ ಮಾಡಿಕೊಡುವ ಅವಸರ ಬೇಡ. ದಾನಪತ್ರ ನೋಂದಣಿಯಾದರೆ ಸ್ವತ್ತು ಅಂದೇ ಕೈಬಿಟ್ಟಂತೆ. ಮಾಡಲೇಬೇಕಾದರೆ, ದಾನ ಪಡೆದವರು ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಷರತ್ತು ಮುರಿದಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನವನ್ನು ರದ್ದುಪಡಿಸಲು ಅದೇ ಆಧಾರ. ವಿದೇಶದಲ್ಲಿರುವ ಮಕ್ಕಳು ಊರಿನ ವ್ಯವಹಾರಕ್ಕೆ ತಂದೆಯಿಂದ ಪಡೆದ ಸಾಮಾನ್ಯ ಅಧಿಕಾರಪತ್ರವನ್ನು ನಂಬಿಕೊಂಡಿರುವುದುಂಟು; ಅದು ಬರೆದುಕೊಟ್ಟವರ ಸಾವಿನೊಂದಿಗೇ ಮುಗಿಯುತ್ತದೆ.

ಉಯಿಲು ಎಲ್ಲಿದೆಯೆಂಬುದು ಅದನ್ನು ಜಾರಿಗೆ ತರುವ ನಿರ್ವಾಹಕರಿಗೆ ಗೊತ್ತಿರಬೇಕು. ಮೂಲಪ್ರತಿಯನ್ನು ಬ್ಯಾಂಕ್ ಲಾಕರಿನಲ್ಲಿ ಇಡುವುದಾದರೆ ಲಾಕರು ಜಂಟಿ ಹೆಸರಿನಲ್ಲಿರಲಿ, ಇಲ್ಲವಾದರೆ ಲಾಕರು ತೆರೆಸಲು ಬೇಕಾದ ಕಾಗದ ಅದೇ ಲಾಕರಿನೊಳಗೆ ಉಳಿದುಬಿಡುತ್ತದೆ.