ಗ್ರೇಡಲ್ ಫೈಲಿನ ಹಳೇ ಸಾಲುಗಳಿಗೆ ಕತ್ತರಿ: ನನ್ನ ಅನುಭವ

ಓಡುತ್ತಿರುವ ಬಿಲ್ಡಿಗೆ (ಕೋಡಿನಿಂದ ಆಪ್ ಕಟ್ಟುವ ಕೆಲಸಕ್ಕೆ) ಕೈ ಹಾಕಬೇಡ ಅಂತ ಮೈಸೂರಿನ ಹೆಬ್ಬಾಳದ ನಮ್ಮ ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು. ನಮ್ಮದು ಮಂಡ್ಯ ಕಡೆಯ ಹಾಲಿನ ಡೈರಿಗಳು ಬಳಸುವ ಆಂಡ್ರಾಯ್ಡ್ ಆಪ್, ಅದನ್ನು ಬಿಲ್ಡ್ ಮಾಡುವ ಟೂಲ್ ಗ್ರೇಡಲ್. ಅದರ ಸೆಟ್ಟಿಂಗುಗಳಿರುವ ಗ್ರೇಡಲ್ ಪ್ರಾಪರ್ಟೀಸ್ ಫೈಲಿನಲ್ಲಿ ಸುಮಾರು 40 ಸಾಲಿದ್ದವು, ಈಗ ಹತ್ತೂ ಇಲ್ಲ. ಆಪ್ ಒಂದು ದಿನವೂ ನಿಂತಿಲ್ಲ.

ಎಲ್ಲವನ್ನೂ ಒಟ್ಟಿಗೆ ಅಳಿಸುವ ದಾರಿ ಕೆಲಸಕ್ಕೆ ಬರಲಿಲ್ಲ. ಬಿಲ್ಡ್ ಬಿದ್ದರೆ ಯಾವ ಸಾಲಿನಿಂದ ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ ಸಾಲಿಗೊಂದು ಕಮಿಟ್ (ಗಿಟ್‌ನಲ್ಲಿ ಉಳಿಸಿದ ಬದಲಾವಣೆ), ಪ್ರತಿ ಕಮಿಟ್ಟಿಗೂ ಎಪಿಕೆ (ಆಪ್‌ನ ಇನ್‌ಸ್ಟಾಲ್ ಫೈಲ್) ಹೋಲಿಕೆ. ಅನ್‌ಜಿಪ್‌ಗೆ ವಿ ಫ್ಲ್ಯಾಗ್ ಕೊಟ್ಟರೆ ಒಳಗಿನ ಪ್ರತಿ ಫೈಲಿನ ಸಿಆರ್‌ಸಿ (ಒಳಗಿನದು ಬದಲಾದರೆ ಬದಲಾಗುವ ಸಂಖ್ಯೆ) ಬರುತ್ತದೆ. ಹಳೇ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಡಿಫ್ ಮಾಡಿ (ಸಾಲುಸಾಲಾಗಿ ಹೋಲಿಸಿ), ಸಹಿಯ ಫೈಲುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಿಲ್ಡ್ ವೇಳೆ ತಾನಾಗಿ ಹುಟ್ಟುವ ಬಿಲ್ಡ್‌ಕಾನ್ಫಿಗ್ ಕ್ಲಾಸಿನಲ್ಲಿ ಟೈಮ್‌ಸ್ಟಾಂಪ್ ಇದ್ದರೆ ಮೊದಲು ತೆಗೆದಿಡಿ, ಇಲ್ಲದಿದ್ದರೆ ಡೆಕ್ಸ್ (ಎಪಿಕೆಯೊಳಗಿನ ಕೋಡ್ ಫೈಲ್) ಪ್ರತಿ ಸಲ ಬೇರೆಯೇ ಬರುತ್ತದೆ.

ಹೆಚ್ಚು ಕಾಡಿದ್ದು ಮ್ಯಾಕ್ಸ್‌ಪರ್ಮ್‌ಸೈಜ್, ಜಾವಾಗೆ ಮೆಮೊರಿ ಮಿತಿ ಹೇಳುತ್ತಿದ್ದ ಹಳೇ ಫ್ಲ್ಯಾಗ್. ಜೆಡಿಕೆ (ಜಾವಾ ಡೆವಲಪ್‌ಮೆಂಟ್ ಕಿಟ್) 8ರಲ್ಲಿ ಅದಕ್ಕೆ ಬರೀ ಎಚ್ಚರಿಕೆ ಬರುತ್ತಿತ್ತು. 17ರಲ್ಲಿ ಜೆವಿಎಂ (ಜಾವಾ ಓಡಿಸುವ ಯಂತ್ರ) ಏಳುವುದೇ ಇಲ್ಲ, ಗ್ರೇಡಲ್‌ನ ಆಂಡ್ರಾಯ್ಡ್ ಪ್ಲಗಿನ್ 8ಕ್ಕೋ 17 ಬೇಕೇ ಬೇಕು. ಹಾಗಂತ ಆ ಫ್ಲ್ಯಾಗ್ ಇರುವ ಜೆವಿಎಂ ಆರ್ಗ್ಸ್ ಸಾಲನ್ನೇ ಕಿತ್ತರೆ ಡೀಮನ್ (ಹಿನ್ನೆಲೆಯಲ್ಲಿ ಓಡುವ ಗ್ರೇಡಲ್) ಬಳಸುವ ಮೆಮೊರಿ, ಅಂದರೆ ಹೀಪ್, 512 ಎಂಬಿಗೆ ಇಳಿದು ಬಿಲ್ಡ್ ಮೆಮೊರಿ ಸಾಲದೆ ಸಾಯುತ್ತದೆ. ಆ ಫ್ಲ್ಯಾಗ್ ಒಂದನ್ನೇ ತೆಗೆಯಿರಿ. ಆಮೇಲೂ ಅದೇ ಎರರ್ ಬಂದರೆ ಯೂಸರ್ ಹೋಮಿನ ಡಾಟ್ ಗ್ರೇಡಲ್ ಫೋಲ್ಡರ್ ನೋಡಿ. ಅಲ್ಲಿನ ಪ್ರಾಪರ್ಟೀಸ್ ಫೈಲಿನ ಮಾತೇ ಪ್ರಾಜೆಕ್ಟಿನದಕ್ಕಿಂತ ಮೇಲು.

ದುಡ್ಡು ಉಳಿದದ್ದು ಜೆಟಿಫೈಯರ್‌ನಲ್ಲಿ, ಅಂದರೆ ಹಳೇ ಸಪೋರ್ಟ್ ಲೈಬ್ರರಿ ಬಳಸುವ ಲೈಬ್ರರಿಗಳನ್ನು ಆಂಡ್ರಾಯ್ಡ್‌ಎಕ್ಸ್‌ಗೆ ಹೊಂದಿಸುವ ಟೂಲಿನಲ್ಲಿ. ಚೆಕ್‌ಜೆಟಿಫೈಯರ್ ಟಾಸ್ಕ್ ಓಡಿಸಿದರೆ ಅದರ ಅಗತ್ಯವಿದ್ದ ಒಂದೇ ಲೈಬ್ರರಿ ಸಿಕ್ಕಿತು, ರಸೀದಿ ಪ್ರಿಂಟರಿನದು. ಹೊಸ ಆವೃತ್ತಿಗೆ ಮಾರಿದವರು 25 ಸಾವಿರದ ಮೇಲೆ ಕೇಳಿದರು. ಸ್ಟ್ಯಾಂಡ್‌ಅಲೋನ್ ಜೆಟಿಫೈಯರ್‌ನಲ್ಲಿ ಆ ಎಎಆರ್ (ಆಂಡ್ರಾಯ್ಡ್ ಲೈಬ್ರರಿ ಫೈಲ್) ಅನ್ನು ಒಮ್ಮೆ ಪರಿವರ್ತಿಸಿ ಇಟ್ಟುಕೊಂಡೆ, ಖರ್ಚಿಲ್ಲ. ನಮ್ಮ ಸಿಐ (ಬಿಲ್ಡ್ ತಾನಾಗಿ ಓಡಿಸುವ) ಯಂತ್ರದಲ್ಲಿ ಕ್ಯಾಶ್ ಉಳಿಯುವುದಿಲ್ಲ, ಹಾಗಾಗಿ ಜೆಟಿಫೈಯರ್ ಪ್ರತಿ ಸಲ ಎಲ್ಲಾ ಲೈಬ್ರರಿಗಳನ್ನೂ ಜಾಲಾಡುತ್ತಿತ್ತು. ಜೆಟಿಫೈಯರ್ ಸಾಲು ತೆಗೆದ ಮೇಲೆ 14 ನಿಮಿಷದ ಬಿಲ್ಡ್ 10ರ ಆಸುಪಾಸಿಗೆ ಬಂತು, ಸಿಐನ ತಿಂಗಳ ಬಿಲ್ಲು 6 ಸಾವಿರದಿಂದ 4 ಸಾವಿರ ಚಿಲ್ಲರೆಗೆ ಇಳಿಯಿತು.

ಬಿಲ್ಡ್ ಸ್ಕ್ರಿಪ್ಟಿನ ಡೆಕ್ಸ್‌ಆಪ್ಷನ್ಸ್ ಬ್ಲಾಕ್ ಪ್ಲಗಿನ್ 7ರಿಂದಲೇ ನಿಷ್ಪ್ರಯೋಜಕ, ಯೋಚಿಸದೆ ಕೀಳಿ. ಆದರೆ ಆರ್8 (ಕೋಡನ್ನು ಕುಗ್ಗಿಸುವ ಟೂಲ್) ಫುಲ್‌ಮೋಡ್ ಫಾಲ್ಸ್ ಅನ್ನುವ ಸಾಲನ್ನು ಹಳೇದು ಅಂತ ಮುಟ್ಟಬೇಡಿ. ಪ್ಲಗಿನ್ 8ರಿಂದ ಅದರ ಡಿಫಾಲ್ಟ್ ಟ್ರೂ, ಸಾಲು ಕಿತ್ತರೆ ಫುಲ್‌ಮೋಡ್ ಆನ್ ಆಗುತ್ತದೆ. ಆಗ ಜಿಸನ್ (Gson, ಜೇಸನ್ ಡೇಟಾ ಓದುವ ಲೈಬ್ರರಿ) ಬಳಸುವ ಕ್ಲಾಸುಗಳಿಗೆ ಕೀಪ್ ರೂಲ್ (ಇದನ್ನು ತೆಗೆಯಬೇಡ ಅನ್ನುವ ನಿಯಮ) ಬರೆಯದಿದ್ದರೆ ಬಿಲ್ಡ್ ಚೆನ್ನಾಗೇ ಆಗುತ್ತದೆ, ಫೋನಿನಲ್ಲಿ ಕ್ರ್ಯಾಶ್ ಆಗುತ್ತದೆ.

ಇದರ ನಡುವೆ ಕಾನ್ಫಿಗರೇಷನ್ ಕ್ಯಾಶ್ (ಬಿಲ್ಡಿನ ತಯಾರಿಯನ್ನು ಉಳಿಸಿಟ್ಟು ಮತ್ತೆ ಬಳಸುವ ಸೌಲಭ್ಯ) ಕೂಡ ಆನ್ ಮಾಡಿ ನೋಡಿದೆ. ಗ್ರೇಡಲ್ 8.1ರಿಂದ ಅದು ಸ್ಥಿರ. ಗಿಟ್ ಹ್ಯಾಶ್ (ಕಮಿಟ್ಟಿನ ಗುರುತು) ಓದಲು ಸ್ಕ್ರಿಪ್ಟಿನಲ್ಲಿ ನೇರವಾಗಿ ಪ್ರೋಸೆಸ್ ಓಡಿಸುವ ಕಡೆ ತಕರಾರು ತೆಗೆಯಿತು, ಪ್ರೊವೈಡರ್ಸ್ ಎಕ್ಸೆಕ್‌ಗೆ ಬದಲಿಸಿದ ಮೇಲೆ ಸರಿಹೋಯಿತು.

ಯಾವ ಸಾಲು ಮೊದಲು ಅಂತ ಆರಿಸಲು ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ. ಅದು ಆಫೀಸಿನ ಸ್ವತ್ತು, ಇಲ್ಲಿ ಬಿಚ್ಚುವುದಿಲ್ಲ. ಗ್ರೇಡಲ್‌ಗೆ ವಾರ್ನಿಂಗ್ ಮೋಡ್ ಆಲ್ ಕೊಟ್ಟು ಬರುವ ಎಚ್ಚರಿಕೆಗಳ ಪಟ್ಟಿಯಿಂದ ಶುರು ಮಾಡಿದರೂ ಅರ್ಧಕ್ಕರ್ಧ ಸಾಲು ಸಿಗುತ್ತವೆ.