ಅಗ್ಗದ ಇಂಡೆಕ್ಸ್ ಟೈಪ್‌ರೈಟರ್: ಕೊಳ್ಳುವ ಮುನ್ನ ನೋಡಬೇಕಾದದ್ದು

ಇಂಡೆಕ್ಸ್ ಟೈಪ್‌ರೈಟರಿಗೆ ಕೀಲಿಮಣೆ ಇರುವುದಿಲ್ಲ. ಅಕ್ಷರಫಲಕದ ಮೇಲೆ ಸೂಚಕವನ್ನು ಬೇಕಾದ ಅಕ್ಷರಕ್ಕೆ ತಂದು, ಸನ್ನೆಯನ್ನೊತ್ತಿ ಒಂದೊಂದೇ ಅಕ್ಷರವನ್ನು ಅಚ್ಚೊತ್ತಬೇಕು. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಕೀಲಿಮಣೆಯ ಯಂತ್ರಕ್ಕೆ ಸುಮಾರು 100 ಡಾಲರ್ ಬೆಲೆಯಿದ್ದಾಗ, ಅಷ್ಟು ತೆರಲಾರದವರಿಗಾಗಿ ಓಡೆಲ್, ವರ್ಲ್ಡ್, ಸಿಂಪ್ಲೆಕ್ಸ್ ಮುಂತಾದವು ಮಾರುಕಟ್ಟೆಗೆ ಬಂದವು.

ಮೊದಲ ಖರೀದಿಗೆ ನನ್ನ ಆಯ್ಕೆ ಜರ್ಮನಿಯ ಎಇಜಿ ಕಂಪನಿಯ ಮಿನ್ಯೋನ್. ಫ್ರೀಡ್ರಿಖ್ ಫಾನ್ ಹೆಫ್ನರ್-ಆಲ್ಟೆನೆಕ್ ರೂಪಿಸಿದ ಈ ಯಂತ್ರ ಲಕ್ಷಗಟ್ಟಲೆ ತಯಾರಾದುದರಿಂದ ಯುರೋಪಿನ ಹಳೆಯ ಸಾಮಾನಿನ ಸಂತೆಗಳಲ್ಲಿ ಈಗಲೂ ಸಿಗುತ್ತದೆ. 1924ರಲ್ಲಿ ಬಂದ 4ನೆಯ ಮಾದರಿಯನ್ನೇ ಹುಡುಕಬಹುದು. ಅಗ್ಗವೆಂದು ಸಿಂಪ್ಲೆಕ್ಸಿಗೆ ಮರುಳಾಗುವವರು ಅದರ ಅಚ್ಚಕ್ಷರಗಳು ರಬ್ಬರಿನವು ಎಂಬುದನ್ನು ನೆನಪಿಡಬೇಕು: ಹಳೆಯ ರಬ್ಬರ್ ಗಡುಸಾಗಿ ಪುಡಿಯಾಗಿದ್ದರೆ ಆ ಯಂತ್ರ ಕಪಾಟಿನ ಅಲಂಕಾರಕ್ಕಷ್ಟೇ ಸರಿ.

ಮಿನ್ಯೋನಿನ ಜೀವವಿರುವುದು ಬೆರಳುದ್ದದ ಲೋಹದ ಸಿಲಿಂಡರಿನಲ್ಲಿ. ಎಡಗೈಯಲ್ಲಿ ಸೂಚಕವನ್ನು ಸರಿಸಿದಂತೆ ಸಿಲಿಂಡರ್ ತಿರುಗುತ್ತ, ಹಿಂದೆಮುಂದೆ ಜಾರುತ್ತ 84 ಅಚ್ಚುಗಳಲ್ಲಿ ಬೇಕಾದದ್ದನ್ನು ಕಾಗದದ ನೇರಕ್ಕೆ ತರುತ್ತದೆ. ಬಲಗೈ ಕೀಲಿಯನ್ನೊತ್ತಿದಾಗ ಅದು ಕೆಳಗೆ ಬಡಿಯುತ್ತದೆ. ಸಿಲಿಂಡರ್ ಕಳಚಿ ಬರುವಂಥದ್ದಾದ್ದರಿಂದ ಕಳೆದುಹೋಗುವುದೂ ಅದೇ. ಹಾಗಾಗಿ ಬಣ್ಣ ಹೊಳೆಯುತ್ತಿದೆಯೇ ಎಂದು ನೋಡುವುದಕ್ಕಿಂತ ಮೊದಲು ಸಿಲಿಂಡರಿನ ಫೋಟೊವನ್ನೂ, ಫಲಕದ ಎಲ್ಲ ಅಕ್ಷರಗಳನ್ನು ಸಾಲಾಗಿ ಅಚ್ಚೊತ್ತಿದ ಒಂದು ಹಾಳೆಯನ್ನೂ ಮಾರುವವರಿಂದ ಕೇಳಿ ಪಡೆಯಬೇಕು. ಸೂಚಕವಿಟ್ಟ ಅಕ್ಷರದ ಬದಲು ಬೇರೆಯದೇ ಮೂಡಿದ್ದರೆ ಫಲಕವೂ ಸಿಲಿಂಡರೂ ಒಂದೇ ಜೋಡಿಯವಲ್ಲವೆಂದು ತಿಳಿಯಬಹುದು. ಅಂಥದ್ದಕ್ಕೆ ಪೂರ್ತಿ ಬೆಲೆ ಕೊಡಬಾರದು. ರಿಬ್ಬನ್ ಒಣಗಿದ್ದರೆ ಚಿಂತೆಯಿಲ್ಲ, ಅದರ ಸುರುಳಿಗಳು ಮಾತ್ರ ಇರಬೇಕು.

ಮನೆಗೆ ತಂದ ಮೇಲೆ ಅಚ್ಚಕ್ಷರಗಳ ಸಂದಿಯ ಹಳೆಯ ಶಾಯಿಯನ್ನು ಒಣ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದರೆ ಸಾಕು. ಸೂಚಕ ಬಿಗಿಯಾಗಿದ್ದರೆ ಹೊಲಿಗೆ ಯಂತ್ರದ ಎಣ್ಣೆಯನ್ನು ಕಡ್ಡಿಯ ತುದಿಯಲ್ಲಿ ಒಂದು ಹನಿಯಷ್ಟೇ ಹಾಕಬೇಕು. ಕಾಗದದ ಅಕ್ಷರಫಲಕಕ್ಕೆ ನೀರನ್ನೂ ಎಣ್ಣೆಯನ್ನೂ ತಾಗಿಸಬಾರದು.

ಪಾರ್ಸೆಲ್‌ನಲ್ಲಿ ತರಿಸುವುದಾದರೆ, ಸಿಲಿಂಡರನ್ನು ಬಿಚ್ಚಿ ಬೇರೆಯಾಗಿ ಸುತ್ತುವಂತೆಯೂ, ಸೂಚಕ ಮತ್ತು ಕ್ಯಾರೇಜ್ (ಕಾಗದವನ್ನು ಹಿಡಿದು ಪಕ್ಕಕ್ಕೆ ಸರಿಯುವ ಭಾಗ) ಅಲುಗದಂತೆ ಹತ್ತಿಯ ದಾರದಿಂದ ಕಟ್ಟುವಂತೆಯೂ ಹಣ ಕಳಿಸುವ ಮೊದಲೇ ಬರೆದು ತಿಳಿಸಬೇಕು.